ಎಲ್ಲ ಪರದೆಯಲ್ಲೂ ತಗ್ಗಿದ ಗೆರೆ

ಮಾರ್ಚ್ 3, ಸೋಮವಾರ

ಹೊಸ ಕೆಲಸ ಬಂದಿದೆ. ನಗರದ ಬಸ್ ಕಂಪನಿಗೆ ಹೊಸ ವೆಬ್‌ಸೈಟ್. ವೇಳಾಪಟ್ಟಿ, ದರ, ಜೊತೆಗೆ ಎಲ್ಲ ಮಾರ್ಗಗಳನ್ನೂ ತೋರಿಸುವ ದೊಡ್ಡದೊಂದು ನಕ್ಷೆ. ಏಪ್ರಿಲ್ ಹದಿನೇಳಕ್ಕೆ ಜನರಿಗೆ ತೆರೆಯಬೇಕು. ಕಟ್ಟುವವನು ಸರಿಯಪ್ಪ, ನೋಡುವವಳು ನಾನು. ಹನ್ನೊಂದು ವರ್ಷದಿಂದ ಇದೇ ಜೋಡಿ, ಇದೇ ಜಗಳ.

ಸರಿಯಪ್ಪ ಎನ್ನುವುದು ಅವನ ಅಪ್ಪ ಅಮ್ಮ ಇಟ್ಟ ಹೆಸರಲ್ಲ. ಯಾವ ದೋಷ ತೋರಿಸಿದರೂ “ನನ್ನ ಹತ್ರ ಸರಿಯಾಗೇ ಇದೆಯಲ್ಲ” ಅನ್ನುತ್ತಾನೆ ಅಂತ ಆಫೀಸಿನವರು ಇಟ್ಟದ್ದು. ಅವನ ಹತ್ತಿರ ಸರಿಯಾಗೇ ಇರುತ್ತದೆ, ಸುಳ್ಳಲ್ಲ. ಆದರೆ ಬಸ್ಸಿಗೆ ಕಾಯುವವರೆಲ್ಲ ಅವನ ಮೇಜಿನ ಮುಂದೆ ಬಂದು ಕೂರುವುದಿಲ್ಲವಲ್ಲ. ಒಬ್ಬೊಬ್ಬರ ಕೈಯಲ್ಲಿ ಒಂದೊಂದು ಫೋನು, ಒಂದೊಂದರಲ್ಲಿ ಒಂದೊಂದು ಬ್ರೌಸರ್. ಒಂದೇ ಪುಟವನ್ನು ಒಂದೊಂದು ಬ್ರೌಸರ್ ತನಗೆ ತಿಳಿದ ಹಾಗೆ ಬಿಡಿಸಿ ತೋರಿಸುತ್ತದೆ. ಎಲ್ಲವನ್ನೂ ತೆರೆದು, ಎಲ್ಲಿ ಅಕ್ಷರ ಜಾರಿತು, ಎಲ್ಲಿ ಗುಂಡಿ ಮಾಯವಾಯಿತು ಅಂತ ಹುಡುಕಿ ದೂರು ಬರೆಯುವುದೇ ನನ್ನ ಅನ್ನ.

ಆಫೀಸಿನ ಗೋಡೆಯಲ್ಲಿರುವ ನನ್ನ ಗೂಡಿನಲ್ಲಿ ಹದಿಮೂರು ಫೋನುಗಳಿವೆ, ಮೇಜಿನ ಮೇಲೆ ಮೂರು ಕಂಪ್ಯೂಟರ್. ಬ್ರೌಸರ್‌ಗಳಿಗೂ ಹೆಸರಿಟ್ಟಿದ್ದೇನೆ. ಲೋಕವೆಲ್ಲ ಬಳಸುವುದು ದೊಡ್ಡಪ್ಪ. ಏನು ಕೊಟ್ಟರೂ ಮೂಗು ಮುರಿಯುವುದು ಸೊಸೆ. ಎಲ್ಲರೂ ಕೈಬಿಟ್ಟರೂ ಬಸ್ ಡಿಪೋದ ಕೌಂಟರಿನಲ್ಲಿ ಇನ್ನೂ ಉಸಿರಾಡುತ್ತಿರುವುದು ಅಜ್ಜ. ಇಂದು ಸಂಜೆ ಹದಿಮೂರನ್ನೂ ಒಟ್ಟಿಗೆ ಹಚ್ಚಿ, ಸರಿಯಪ್ಪ ಕಳಿಸಿದ ಕರಡು ನಕ್ಷೆಯನ್ನು ತೆರೆದೆ. ಒಂದರಲ್ಲಿ ನದಿ ನೀಲಿ, ಇನ್ನೊಂದರಲ್ಲಿ ಬೂದು, ಅಜ್ಜನಲ್ಲಿ ಕೊಂಚ ಹಸಿರು. ಒಂದೇ ಊರು ಹದಿಮೂರು ಸಲ ಮೆಲ್ಲಗೆ ನಿದ್ದೆಯಿಂದ ಏಳುತ್ತಿತ್ತು. ಕೆಲಸ ಮರೆತು ಬಹಳ ಹೊತ್ತು ಸುಮ್ಮನೆ ನೋಡುತ್ತ ಕೂತೆ.

ಮಾರ್ಚ್ 7, ಶುಕ್ರವಾರ

ತಂಗಿ ಬೆಳಿಗ್ಗೆ ಸೂಜಿ ದಾರ ಹಿಡಿದು ಬಂದಳು. ಮುಂದಿನ ಕೋಣೆಯಲ್ಲಿ ಅವಳ ಹೊಲಿಗೆ ಅಂಗಡಿ, ಹಿಂದಿನ ಎರಡು ಕೋಣೆಗಳಲ್ಲಿ ನಾವಿಬ್ಬರು. ಮದುವೆಯ ಗೊಡವೆಗೆ ಅವಳು ಹೋಗಲಿಲ್ಲ, ನಾನು ಹೋಗಿ ವಾಪಸ್ ಬಂದೆ. ಅವಳಿಗೆ ನಲವತ್ತೇಳು, ಹತ್ತಿರದ್ದೆಲ್ಲ ಮಂಜು. ನನಗೆ ಐವತ್ತೆರಡು. ಕನ್ನಡಕ ಮಾಡಿಸಿದ್ದೇನೆ, ಪೆಟ್ಟಿಗೆಯಲ್ಲಿ ಭದ್ರವಾಗಿದೆ. ಈ ಮನೆಯಲ್ಲಿ ಕಣ್ಣು ಅಂದರೆ ನನ್ನದು.

ಸೂಜಿಗೆ ದಾರ ಪೋಣಿಸಿ ಕೊಡುವುದು ನನ್ನ ಮೊದಲ ಕೆಲಸ. ಇಂದು ಐದನೇ ಸಲಕ್ಕೆ ಹೋಯಿತು. ಅಗ್ಗದ ದಾರ ತರಬೇಡ ಅಂತ ಬೈದೆ. ಅವಳು ದಾರದ ಉರುಳೆಯನ್ನು ತಿರುಗಿಸಿ ನೋಡಿಕೊಂಡು ಹೋದಳು.

ಮಾರ್ಚ್ 11, ಮಂಗಳವಾರ

ಸಿಕ್ಕಿತು! ನಾಲ್ಕನೇ ಮಾರ್ಗ ನದಿಯ ಪಕ್ಕದಲ್ಲೇ ಹೋಗುತ್ತದೆ. ಹದಿನಾಲ್ಕು ನಿಲ್ದಾಣ, ಪಟ್ಟಿ ಇಟ್ಟು ಎಳೆದ ಹಾಗೆ ನೇರ ಗೆರೆ. ಆ ಗೆರೆ ಮಧ್ಯದಲ್ಲಿ ತಗ್ಗಿದೆ. ಬಟ್ಟೆ ಒಣಹಾಕಿದ ಹಗ್ಗದ ಹಾಗೆ, ಸ್ವಲ್ಪವೇ.

ಸರಿಯಪ್ಪನನ್ನು ಕರೆದೆ. ಅವನು ಕನ್ನಡಕ ಏರಿಸಿ ನೋಡಿ, ಇಳಿಸಿ ನೋಡಿ, ತನ್ನ ಮಂತ್ರ ಹೇಳಿ ಹೋದ. ನೋಡುವ ಬಗೆಯಾ ಅದು? ಎರಡೂ ಕಣ್ಣು ಬಿಟ್ಟುಕೊಂಡು, ಸಂತೆಯಲ್ಲಿ ನಿಂತವನ ಹಾಗೆ. ನನ್ನ ಅಪ್ಪ ಬಡಗಿ. ಹಲಗೆ ನೆಟ್ಟಗಿದೆಯೋ ಇಲ್ಲವೋ ನೋಡಲು ಎಡಗಣ್ಣು ಮುಚ್ಚಿ, ಬಲಗಣ್ಣನ್ನು ಅಂಚಿಗೆ ಹಿಡಿಯುತ್ತಿದ್ದ. ನಾನೂ ಹಾಗೇ ನೋಡುವುದು. ಹನ್ನೊಂದು ವರ್ಷದಲ್ಲಿ ಒಂದು ಕೂದಲೆಳೆಯಷ್ಟು ಓರೆಯೂ ನನ್ನಿಂದ ತಪ್ಪಿಸಿಕೊಂಡಿಲ್ಲ.

ಮಧ್ಯಾಹ್ನ ಮೂರು ನಲವತ್ತಕ್ಕೆ ದೂರು ದಾಖಲಿಸಿದೆ. ತುರ್ತು ಅಂತ ಗುರುತು ಹಾಕಿದೆ.

ಮಾರ್ಚ್ 13, ಗುರುವಾರ

ಮ್ಯಾನೇಜರ್ ಹೊಸದೊಂದು ತಪಾಸಣೆ ಸಾಫ್ಟ್‌ವೇರ್ ತಂದಿದ್ದಾರೆ. ಅದೇ ಎಲ್ಲ ಬ್ರೌಸರ್‌ಗಳಲ್ಲೂ ಪುಟದ ಚಿತ್ರ ತೆಗೆಯುತ್ತದೆ, ನಾವು ಒಪ್ಪಿದ ಚಿತ್ರದ ಜೊತೆ ಇಟ್ಟು ನೋಡುತ್ತದೆ, ವ್ಯತ್ಯಾಸ ಕಂಡರೆ ಕೆಂಪು ಬಳಿಯುತ್ತದೆ. ಇಡೀ ಸೈಟನ್ನು ನೋಡಿ ಮುಗಿಸಲು ಅದಕ್ಕೆ ಆರು ನಿಮಿಷ. ನನಗೆ ಆರು ದಿನ. ಈ ಬಸ್ಸಿನ ಕೆಲಸ ಮುಗಿದ ಮೇಲೆ, ನೋಡಲು ಮನುಷ್ಯರು ಬೇಕೋ ಬೇಡವೋ ಯೋಚಿಸೋಣ ಅಂದರು. ನಗುತ್ತಲೇ ಅಂದರು.

ನಾಲ್ಕನೇ ಮಾರ್ಗವನ್ನು ಅದಕ್ಕೆ ತೋರಿಸಿದೆ. ವ್ಯತ್ಯಾಸವಿಲ್ಲ ಅಂತ ಬಂತು. ಕುರುಡು ಮುಂಡೇದು.

ಮಾರ್ಚ್ 18, ಮಂಗಳವಾರ

ವಿಚಿತ್ರ. ಮೊದಲು ದೊಡ್ಡಪ್ಪನಲ್ಲಿ ಮಾತ್ರ ಅಂದುಕೊಂಡಿದ್ದೆ. ಇಲ್ಲ, ಸೊಸೆಯಲ್ಲೂ ತಗ್ಗಿದೆ, ಅಜ್ಜನಲ್ಲೂ. ಹದಿಮೂರು ಫೋನುಗಳಲ್ಲೂ. ಇನ್ನೂ ವಿಚಿತ್ರವೆಂದರೆ ತಗ್ಗು ಒಂದೇ ಕಡೆ ನಿಲ್ಲುವುದಿಲ್ಲ. ಏಳನೇ ನಿಲ್ದಾಣ ನೋಡಿದರೆ ಏಳನೆಯದರಲ್ಲಿ ಇರುತ್ತದೆ, ಹತ್ತನೆಯದನ್ನು ನೋಡಿದರೆ ಅಲ್ಲಿಗೆ ಸರಿಯುತ್ತದೆ. ನಾನು ಎಲ್ಲಿ ನೋಡುತ್ತೇನೋ ಅಲ್ಲಿ ಬಂದು ಕೂರುತ್ತದೆ, ಸಾಕಿದ ಬೆಕ್ಕಿನ ಹಾಗೆ.

ಮಧ್ಯಾಹ್ನದ ಬಿಸಿಲು ಗೂಡಿನ ಮೇಲೆ ಬಿದ್ದಿತ್ತು. ಆ ಬೆಳಕಿನಲ್ಲಿ ಹದಿಮೂರು ಗೆರೆಗಳೂ ಉಸಿರೆಳೆದು ಬಿಡುತ್ತಿದ್ದವು. ಹೆದರಿಕೆ ಆಗಲಿಲ್ಲ, ಚೆಂದ ಅನಿಸಿತು. ಆಮೇಲೆ ನೆನಪಾಗಿ ಇನ್ನೂ ನಾಲ್ಕು ದೂರು ಬರೆದೆ. ಪರದೆಯ ಮೇಲಿನ ಲೆಕ್ಕಾಚಾರದಲ್ಲೇ ಎಲ್ಲೋ ದೋಷವಿರಬೇಕು ಅಂತ ಸರಿಯಪ್ಪನಿಗೆ ಹೇಳಿದೆ. ಅವನು ತಲೆ ಕೆರೆದುಕೊಂಡ. ಪಾಪ, ಮೊದಲ ದೂರಿಗೇ ಎರಡು ದಿನ ಹುಡುಕಿದ್ದನಂತೆ.

ಮಾರ್ಚ್ 20, ಗುರುವಾರ

ಇಂದು ಏನಿಲ್ಲ. ಚಹಾ ಲೋಟದ ಆಚೆ ಸುರಿದೆ.

ಮಾರ್ಚ್ 26, ಬುಧವಾರ

ತಂಗಿ ಯಾರದೋ ನೀಲಿ ಲಂಗದ ಅಂಚು ಹೊಲಿದು ಇಸ್ತ್ರಿ ಮಾಡಿ ನೇತುಹಾಕಿದ್ದಳು. ಎಡಗಣ್ಣು ಮುಚ್ಚಿ ನೋಡಿದೆ, ಅಂಚು ಸೊಟ್ಟ. ಹೇಳಿದೆ. ಅವಳು ಬಿಚ್ಚಿ ಮತ್ತೆ ಹೊಲಿದಳು. ಮತ್ತೆ ಸೊಟ್ಟ. ಎರಡನೇ ಸಲ ಬಿಚ್ಚುವಾಗ ಮಾತ್ರ, ಒಂದು ಸಲ ಕಣ್ಣಿನ ಡಾಕ್ಟರ ಹತ್ತಿರ ಹೋಗಿ ಬರೋಣವೇ ಅಂತ ಮೆಲ್ಲಗೆ ಕೇಳಿದಳು. ನಿನ್ನ ಕೈ ನಡುಗಿದರೆ ನನ್ನ ಕಣ್ಣಿಗೆ ಯಾಕೆ ಮದ್ದು ಅಂದೆ. ಅಷ್ಟು ಗಡುಸಾಗಿ ಹೇಳಬೇಕಿರಲಿಲ್ಲ. ನಿದ್ದೆ ಕಡಿಮೆ, ಕಣ್ಣು ಉರಿಯುತ್ತದೆ, ಅಷ್ಟೇ. ಸೈಟ್ ತೆರೆದ ಮೇಲೆ ಎರಡು ದಿನ ಬಿದ್ದುಕೊಂಡರೆ ಎಲ್ಲ ಸರಿಹೋಗುತ್ತದೆ.

ಅಂದಹಾಗೆ, ಅವಳು ಈಗ ಸೂಜಿ ತರುತ್ತಿಲ್ಲ. ದಾರ ಪೋಣಿಸುವ ಚಿಕ್ಕ ತಂತಿಯೊಂದು ಸಿಕ್ಕಿದೆಯಂತೆ. ಒಳ್ಳೆಯದೇ ಆಯಿತು, ಬೆಳಿಗ್ಗೆ ಐದು ನಿಮಿಷ ಉಳಿಯಿತು.

ಏಪ್ರಿಲ್ 1, ಮಂಗಳವಾರ

ಬಸ್ಸಿನಲ್ಲಿ ಬರುವಾಗ ಕಿಟಕಿಗೆ ತಲೆಯಾನಿಸಿ ಒಂದು ಜೊಂಪು ಬಂತು. ಕನಸಿನಲ್ಲಿ ನಾಲ್ಕನೇ ಮಾರ್ಗದ ಮೇಲೆ ನಡೆಯುತ್ತಿದ್ದೆ, ರಸ್ತೆಯ ಮೇಲಲ್ಲ, ಆ ಗೆರೆಯ ಮೇಲೆ. ಕೆಳಗೆ ಅಜ್ಜನ ಹಸಿರು ನದಿ. ಹೆಜ್ಜೆ ಇಟ್ಟಲ್ಲೆಲ್ಲ ಗೆರೆ ಮೆತ್ತಗೆ ತಗ್ಗಿ, ಮತ್ತೆ ಮೇಲೆ ಬರುತ್ತಿತ್ತು. ಬೀಳುವ ಭಯ ಚೂರೂ ಇರಲಿಲ್ಲ. ಯಾರೋ ಆಚೆ ದಡದಲ್ಲಿ ನಿಂತು ಕೈ ಬೀಸುತ್ತಿದ್ದರು, ಮುಖ ಮಾತ್ರ ತಿಳಿಯಲಿಲ್ಲ.

ಎಚ್ಚರವಾದಾಗ ಹೊರಗೆ ದೀಪದ ಕಂಬಗಳು ಒಂದೊಂದಾಗಿ ನನ್ನ ಕಡೆ ಸೊಂಟ ಬಗ್ಗಿಸಿ ಹೋಗುತ್ತಿದ್ದವು. ಇನ್ನೂ ಅರ್ಧ ನಿದ್ದೆಯಲ್ಲೇ ಇದ್ದೆ ಅಂತ ಕಾಣುತ್ತದೆ. ನನ್ನ ನಿಲ್ದಾಣ ದಾಟಿ ಎರಡು ನಿಲ್ದಾಣ ಮುಂದೆ ಹೋಗಿದ್ದೆ.

ಏಪ್ರಿಲ್ 8, ಮಂಗಳವಾರ

ಇಂದು ಜಗಳ ಜೋರಾಯಿತು. ನಾನು ಬರೆದ ಇಪ್ಪತ್ತೆರಡು ದೂರುಗಳನ್ನೂ ಸರಿಯಪ್ಪ ಒಂದೇ ಮಾತು ಬರೆದು ಮುಚ್ಚಿದ್ದ: ದೋಷ ಕಾಣುತ್ತಿಲ್ಲ. ಇಪ್ಪತ್ತೆರಡನ್ನೂ ಮತ್ತೆ ತೆರೆದೆ. ಎಲ್ಲರ ಎದುರು ಅವನ ಮೇಜಿನ ಬಳಿ ಹೋಗಿ, ನಿನಗೆ ಕಾಣದಿದ್ದರೆ ಅದು ಇಲ್ಲ ಅಂತಲಾ, ನನಗೆ ಸಂಬಳ ಕೊಡುವುದೇ ನಿನಗೆ ಕಾಣದ್ದನ್ನು ನೋಡಲಿಕ್ಕೆ ಅಂತ ಹರಿಹಾಯ್ದೆ. ಅವನು ನಕ್ಷೆಯನ್ನು ಹಿಗ್ಗಿಸಿ ಇನ್ನೊಮ್ಮೆ ನೋಡಿದ. ಆಮೇಲೆ ಎದ್ದು ಕುರ್ಚಿ ಬಿಟ್ಟುಕೊಟ್ಟ. ಗೆರೆಯ ಹದಿನಾಲ್ಕು ಚುಕ್ಕಿಗಳನ್ನೂ ಬೇಕಾದ ಕಡೆ ಎಳೆಯಬಹುದು, ನೀವೇ ಸರಿಮಾಡಿ, ನೀವು ಸರಿ ಅಂದದ್ದೇ ಸರಿ ಅಂದ.

ಸಿಟ್ಟಿನಲ್ಲಿ ಅಂದನೋ ಸೋತು ಅಂದನೋ ಗೊತ್ತಾಗಲಿಲ್ಲ.

ಏಪ್ರಿಲ್ 10, ಗುರುವಾರ

ಎರಡು ಮಧ್ಯಾಹ್ನ ಹಿಡಿಯಿತು. ಎಡಗಣ್ಣು ಮುಚ್ಚಿ ಒಂದೊಂದೇ ಚುಕ್ಕಿಯನ್ನು ಮೇಲೆತ್ತಿದೆ. ಒಂದು ನೆಟ್ಟಗಾಯಿತು ಅನ್ನುವಾಗ ಪಕ್ಕದ್ದು ಕುಸಿಯುತ್ತಿತ್ತು, ಅದನ್ನೆತ್ತಿದರೆ ಮೊದಲಿನದು. ಹೊರಗಿನ ಸದ್ದೆಲ್ಲ ಎಲ್ಲೋ ದೂರ ಹೋಗಿತ್ತು. ಕೊನೆಗೆ ಇಂದು ನಾಲ್ಕು ಗಂಟೆಗೆ ಸಾಕು ಅನ್ನುವಷ್ಟು ನೇರವಾಯಿತು. ಅದನ್ನೇ ಒಪ್ಪಿದ ಚಿತ್ರ ಅಂತ ಆ ಕುರುಡು ಯಂತ್ರಕ್ಕೂ ಕೊಟ್ಟೆ. ಇಪ್ಪತ್ತೆರಡು ದೂರುಗಳನ್ನೂ ನನ್ನ ಕೈಯಾರೆ ಮುಚ್ಚಿದೆ. ಎಷ್ಟೋ ದಿನಗಳ ಮೇಲೆ ಮನಸ್ಸು ಹಗುರವಾಗಿದೆ.

ಸರಿಯಪ್ಪ ನೋಡಿದ. ಕನ್ನಡಕ ಒರೆಸಿಕೊಂಡು ಮತ್ತೆ ನೋಡಿ ಹೋದ.

ಏಪ್ರಿಲ್ 17, ಗುರುವಾರ

ಸೈಟ್ ತೆರೆಯಿತು. ಮ್ಯಾನೇಜರ್ ಕೇಕ್ ತರಿಸಿದ್ದರು.

ಏಪ್ರಿಲ್ 18, ಶುಕ್ರವಾರ

ಬೆಳಿಗ್ಗೆ ಒಂಬತ್ತರೊಳಗೆ ಬಸ್ ಕಂಪನಿಯಿಂದ ಮೂರು ಫೋನ್. ನಾಲ್ಕನೇ ಮಾರ್ಗದ ಗೆರೆಯನ್ನು ಕುಡುಕ ಎಳೆದಿದ್ದಾನೆಯೇ ಅಂತ ಜನ ಕೇಳುತ್ತಿದ್ದಾರಂತೆ. ಒಂಬತ್ತನೇ ನಿಲ್ದಾಣ ನದಿಯ ನಡುವೆ ಹೋಗಿ ಕೂತಿದೆಯಂತೆ. ಹೆಂಗಸೊಬ್ಬರು ಫೋನ್ ಮಾಡಿ, ನಾನು ದಿನಾ ಈಜಿಕೊಂಡು ಹೋಗಬೇಕಾ ಅಂದರಂತೆ.

ನಾನು ನೋಡಿದೆ. ನನಗೆ ನೆಟ್ಟಗೇ ಕಾಣುತ್ತಿತ್ತು.

ಮ್ಯಾನೇಜರ್ ಎಲ್ಲರನ್ನೂ ಕೂರಿಸಿ ಯಾರ ಕೆಲಸ ಇದು ಅಂದರು. ನಾನು ಬಾಯಿ ತೆರೆಯುವ ಮೊದಲೇ ಸರಿಯಪ್ಪ, ನನ್ನದು, ಚುಕ್ಕಿಗಳು ಕೈತಪ್ಪಿದವು ಅಂದ. ಹತ್ತು ನಿಮಿಷದಲ್ಲಿ ಹಳೆಯ ನಕ್ಷೆಯನ್ನು ವಾಪಸ್ ಹಾಕಿದ. ಹಾಕಿದ್ದೇ ತಡ, ಗೆರೆ ಮತ್ತೆ ತಗ್ಗಿತು. ಎಲ್ಲರೂ ಈಗ ಸರಿಹೋಯಿತು ಅಂದರು. ನಾನು ಗೂಡಿನ ಮುಂದೆ ಹೋಗಿ ನಿಂತೆ, ಹದಿಮೂರು ತಗ್ಗಿದ ಗೆರೆಗಳ ಮುಂದೆ. ಇಷ್ಟು ಜನ ಸೇರಿ ಸುಳ್ಳು ಹೇಳುತ್ತಾರೆಯೇ? ಯಾಕೆ ಹೇಳುತ್ತಾರೆ?

ಏಪ್ರಿಲ್ 19, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಬೆಳಿಗ್ಗೆ ತಂಗಿ ಬಟ್ಟೆ ಕತ್ತರಿಸುವ ಮೇಜಿನ ಎದುರು ಕೂತಿದ್ದಳು. ನಾನು ಬಾಗಿಲಲ್ಲಿ ನಿಂತು ಎಲ್ಲವನ್ನೂ ಹೇಳಿದೆ. ಒಂದು ದೋಷ ಹಿಡಿಯಬೇಕಾದರೆ ಒಂದನ್ನು ಬಿಟ್ಟು ಉಳಿದದ್ದೆಲ್ಲ ಹಾಗೇ ಇಟ್ಟುಕೊಳ್ಳಬೇಕು, ಒಂದೊಂದೇ ಬದಲಿಸಿ ನೋಡಬೇಕು, ನಾನು ಬ್ರೌಸರ್ ಬದಲಿಸಿದೆ, ಫೋನ್ ಬದಲಿಸಿದೆ, ಪರದೆ ಬದಲಿಸಿದೆ, ಬೆಳಕು ಬದಲಿಸಿದೆ, ಬದಲಿಸದೆ ಉಳಿದದ್ದು ಯಾವುದೂ ಇಲ್ಲ ಅಂದೆ. ಹೇಳುತ್ತ ಹೇಳುತ್ತ ಎಡಗಣ್ಣು ಮುಚ್ಚಿ ಅವಳ ಮೇಜಿನ ಅಂಚು ನೋಡುತ್ತಿದ್ದೆನಂತೆ. ಅದೂ ತಗ್ಗಿತ್ತು.

ಅವಳು ಕತ್ತರಿ ಕೆಳಗಿಟ್ಟಳು.

“ಅಕ್ಕ, ನೀನು ಯಾವಾಗ್ಲೂ ಎಡಗಣ್ಣೇ ಮುಚ್ತೀಯ. ಒಂದ್ಸಲ ಬಲಗಣ್ಣು ಮುಚ್ಚಿ ನೋಡು.”

ಮುಚ್ಚಿದೆ. ಮೇಜು ನೆಟ್ಟಗಾಯಿತು. ಅಷ್ಟು ನೆಟ್ಟಗೆ, ಅಷ್ಟು ಸುಮ್ಮನೆ, ಏನೂ ಆಗಿಯೇ ಇಲ್ಲವೆಂಬಂತೆ. ಕಣ್ಣು ಬದಲಿಸಿದೆ, ತಗ್ಗಿತು. ಮತ್ತೆ ಬದಲಿಸಿದೆ, ನೆಟ್ಟಗಾಯಿತು. ಎಷ್ಟು ಸಲ ಹಾಗೆ ಮಾಡಿದೆನೋ. ಆಮೇಲೆ ಬಲಗಣ್ಣು ಒಂದರಿಂದಲೇ ಅವಳನ್ನು ನೋಡಿದೆ. ಕೂದಲಿತ್ತು, ಕಿವಿಯಿತ್ತು, ಕತ್ತಿನ ಸುತ್ತ ಅಳತೆ ಟೇಪಿತ್ತು. ನಡುವೆ ಮುಖವಿರಲಿಲ್ಲ. ಯಾರೋ ಒದ್ದೆ ಬೆರಳಿನಿಂದ ಉಜ್ಜಿದ ಹಾಗೆ, ಬೂದು.

ನಾನು ಬಾಗಿಲ ಪಕ್ಕದ ಸ್ಟೂಲಿನಲ್ಲಿ ಕೂತು ಅತ್ತೆ. ಹೆದರಿಕೆಯಾಯಿತು, ತುಂಬಾ. ಅವಳು ಎದ್ದು ಬಂದು ನನ್ನ ತಲೆಯನ್ನು ಹೊಟ್ಟೆಗೆ ಒತ್ತಿ ಹಿಡಿದುಕೊಂಡಳು. ಆ ನೀಲಿ ಲಂಗದ ಅಂಚು ಮೊದಲ ಸಲವೇ ಸರಿಯಾಗಿತ್ತಾ ಅಂತ ಕೇಳಿದೆ. ಹೂಂ ಅಂದಳು. ಮತ್ತೆ ಯಾಕೆ ಬಿಚ್ಚಿದೆ ಅಂದರೆ, ನೀನು ಹೇಳಿದೆಯಲ್ಲ ಅಂದಳು.

ಏಪ್ರಿಲ್ 21, ಸೋಮವಾರ

ಕಣ್ಣಿನ ಡಾಕ್ಟರ್ ಸಣ್ಣಗಿನ ಹೆಂಗಸು, ನಿಧಾನದ ಮಾತು. ಚೌಕಗಳ ಹಾಳೆಯೊಂದನ್ನು ಕೊಟ್ಟು, ನಡುವಿನ ಚುಕ್ಕಿಯನ್ನೇ ನೋಡುತ್ತ, ಎಲ್ಲಿ ಗೆರೆ ಬಾಗಿದೆಯೋ ಅಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ ಅಂದರು. ಮಾಡಿದೆ. ಈ ಕೆಲಸ ನನಗೆ ಬರುತ್ತದೆ. ಆಮೇಲೆ ಯಂತ್ರದ ಮುಂದೆ ಕೂರಿಸಿ ಕಣ್ಣಿನ ಒಳಗಿನ ಚಿತ್ರ ತೆಗೆದು ತೋರಿಸಿದರು. ಕಣ್ಣಿನ ಹಿಂಭಾಗದಲ್ಲಿ ಬಿಂಬ ಬೀಳುವ ತೆಳು ಪದರವೊಂದಿದೆ. ಅದರ ಕೆಳಗೆ ನೀರು ಸೋರಿ, ಒದ್ದೆ ಗೋಡೆಯ ಬಣ್ಣದ ಹಾಗೆ ಉಬ್ಬಿತ್ತು. ಉಬ್ಬಿದ ಪರದೆಯ ಮೇಲೆ ಯಾವ ಗೆರೆ ಬಿದ್ದರೂ ಬಾಗಲೇಬೇಕು.

ಯಾವಾಗಿನಿಂದ ಹೀಗೆ ಅಂತ ಕೇಳಿದರು. ಸರಿಯಾಗಿ ನೆನಪಿಲ್ಲ ಅನ್ನುವವರೇ ಹೆಚ್ಚಂತೆ. ನಾನು ಫೋನ್ ತೆಗೆದು ತೋರಿಸಿದೆ. ಮಾರ್ಚ್ 11, ಮಧ್ಯಾಹ್ನ 3.40. ಗೆರೆ ಮಧ್ಯದಲ್ಲಿ ತಗ್ಗಿದೆ. ತುರ್ತು. ಅದರ ಕೆಳಗೆ ಉಳಿದ ಇಪ್ಪತ್ತೊಂದು, ಒಂದೊಂದಕ್ಕೂ ದಿನ, ಗಂಟೆ, ಎಷ್ಟು ತಗ್ಗಿದೆ, ಹೇಗೆ ಸರಿಯುತ್ತದೆ, ಚಿತ್ರದ ಮೇಲೆ ಬಾಣದ ಗುರುತು. ಅವರು ಒಂದೊಂದಾಗಿ ಎಲ್ಲವನ್ನೂ ಓದಿದರು.

“ಇಷ್ಟು ಚೆನ್ನಾಗಿ ಬರ್ಕೊಂಡು ಬಂದವರನ್ನ ನಾನು ನೋಡಿಲ್ಲ. ಇದನ್ನೆಲ್ಲ ಯಾರಿಗೆ ಕಳಿಸ್ತಿದ್ರಿ?”

ಸರಿಯಪ್ಪನಿಗೆ ಅಂದೆ. ಯಾರು ಅವರು ಅಂದರು. ನನ್ನ ಜೊತೆ ಕೆಲಸ ಮಾಡುವವನು, ಅವನ ಹತ್ತಿರ ಎಲ್ಲ ಸರಿಯಾಗೇ ಇತ್ತು ಅಂದೆ.

ನಲವತ್ತೊಂದು ದಿನ. ಮೊದಲ ವಾರದಲ್ಲೇ ಬಂದಿದ್ದರೆ ಬಹುಪಾಲು ಉಳಿಸಬಹುದಿತ್ತು, ಈಗ ಎಷ್ಟು ಉಳಿಯುತ್ತದೆ ಅಂತ ಮೂರು ಚುಚ್ಚುಮದ್ದಾದ ಮೇಲೆ ಹೇಳುತ್ತೇನೆ ಅಂದರು. ಚೌಕಗಳ ಹಾಳೆಯನ್ನು ಮನೆಗೂ ಕೊಟ್ಟರು. ಎಡಗಣ್ಣಿಗೂ ಹೀಗಾಗಬಹುದು, ದಿನಾ ನೋಡಿಕೊಳ್ಳಬೇಕು.

ಏಪ್ರಿಲ್ 22, ಮಂಗಳವಾರ

ಕಣ್ಣೊಳಗೆ ಸೂಜಿ. ನೋವಾಗಲಿಲ್ಲ. ಕಪ್ಪು ಗುಳ್ಳೆಯೊಂದು ತೇಲಿತು. ತಂಗಿ ಹೊರಗೆ ಕಾಯುತ್ತಿದ್ದಳು.

ಮೇ 2, ಶುಕ್ರವಾರ

ಹತ್ತು ದಿನಗಳ ಮೇಲೆ ಆಫೀಸಿಗೆ ಹೋದೆ. ಮೊದಲು ಮ್ಯಾನೇಜರ ಕೋಣೆಗೆ ಹೋಗಿ, ನಕ್ಷೆ ಕೆಡಿಸಿದವಳು ನಾನು ಅಂತ ಹೇಳಿದೆ. ಯಾಕೆ ಕೆಡಿಸಿದೆ ಅಂತಲೂ ಹೇಳಿದೆ. ಕೆಲಸದ ವಿಷಯ ಜುಲೈಯಲ್ಲಿ ನೋಡೋಣ, ಈಗ ಕಣ್ಣು ನೋಡಿಕೊಳ್ಳಿ ಅಂದರು. ಒಳ್ಳೆಯವರೇ.

ಆಮೇಲೆ ಸರಿಯಪ್ಪನ ಮೇಜಿನ ಹತ್ತಿರ ಕುರ್ಚಿ ಎಳೆದುಕೊಂಡು ಕೂತೆ. ನಾನು ಸರಿಮಾಡಿದ ಗೆರೆ ನಿನಗೆ ಸೊಟ್ಟ ಕಾಣುತ್ತಿತ್ತಲ್ಲ, ಹಾಗೇ ಯಾಕೆ ಬಿಟ್ಟೆ ಅಂತ ಕೇಳಿದೆ. ಅವನು ಕೀಲಿಮಣೆಯ ಮೇಲಿನ ಧೂಳು ಊದುತ್ತ ಕೂತ.

“ಹನ್ನೊಂದು ವರ್ಷದಲ್ಲಿ ನೀವು ಒಂದ್ಸಲನೂ ತಪ್ಪಿಲ್ಲ. ನನಗೆ ಸೊಟ್ಟ ಕಾಣ್ತಿತ್ತು. ನನ್ನ ಕಣ್ಣೇ ಕೆಟ್ಟಿದೆ ಅಂದ್ಕೊಂಡೆ. ಹೊಸ ಕನ್ನಡಕಕ್ಕೆ ಹೇಳಿ ಬಂದಿದ್ದೆ.”

ಅವನ ಮೇಜಿನ ಮೇಲೆ ಆ ಹೊಸ ಕನ್ನಡಕ ಇತ್ತು. ಇನ್ನೂ ಪ್ಲಾಸ್ಟಿಕ್ ಹೊದಿಕೆ ತೆಗೆದಿರಲಿಲ್ಲ. ನನಗೆ ನಗು ಬಂತು, ಜೊತೆಗೇ ಅಳುವೂ ಬಂತು. ತಪ್ಪಾಯಿತು ಅಂದೆ. ಅವನ ಎದುರು ಈ ಮಾತನ್ನು ಹಿಂದೆ ಯಾವತ್ತೂ ಆಡಿದ ನೆನಪಿಲ್ಲ.

ಮೇ 23, ಶುಕ್ರವಾರ

ಎರಡನೇ ಚುಚ್ಚುಮದ್ದು ಮೊನ್ನೆ ಮಂಗಳವಾರ ಆಯಿತು. ಬಸ್ ಕಂಪನಿಯವರು ವೇಳಾಪಟ್ಟಿ ಬದಲಿಸಿದ್ದಾರೆ, ಮತ್ತೆ ಎಲ್ಲ ಬ್ರೌಸರ್‌ಗಳಲ್ಲೂ ನೋಡಬೇಕು. ಸರಿಯಪ್ಪನನ್ನು ಪಕ್ಕದಲ್ಲಿ ಕೂರಿಸಿಕೊಂಡೆ. ನಿನಗೇನು ಕಾಣುತ್ತದೆ ಹೇಳು ಅಂದೆ. ಅವನು ಹೇಳುತ್ತ ಹೋದ, ನಾನು ಎಡಗಣ್ಣಿನಿಂದ ನೋಡುತ್ತ ಹೋದೆ. ಅಜ್ಜನ ನದಿ ಹಸಿರು ಅಂದೆ, ಬೂದು ಅಂದ. ಇಬ್ಬರೂ ಸ್ವಲ್ಪ ಹೊತ್ತು ಆ ನದಿಯನ್ನೇ ನೋಡಿದೆವು. ಮಧ್ಯಾಹ್ನ ಕಳೆದದ್ದು ತಿಳಿಯಲಿಲ್ಲ. ಆರು ದೋಷ ಸಿಕ್ಕವು, ಮೂರು ಅವನು ಹಿಡಿದದ್ದು.

ಮನೆಯಲ್ಲಿ ತಂಗಿಯ ಕಡೆ ಬಲಗಣ್ಣೊಂದರಿಂದ ನೋಡಿಲ್ಲ. ಅವತ್ತಿನಿಂದ ಒಂದು ಸಲವೂ ನೋಡಿಲ್ಲ. ಧೈರ್ಯ ಸಾಲದು.

ಜೂನ್ 17, ಮಂಗಳವಾರ

ಮೂರನೆಯದೂ ಆಯಿತು. ಹತ್ತು ದಿನ ಬಿಟ್ಟು ಬನ್ನಿ ಅಂದರು.

ಜೂನ್ 28, ಶನಿವಾರ

ಡಾಕ್ಟರ್ ನಿನ್ನೆ ಹೇಳಿದರು. ಸೋರಿಕೆ ನಿಂತಿದೆ, ಉಬ್ಬು ಇಳಿದಿದೆ. ಆದರೆ ಆದ ಗಾಯದ ಕಲೆ ಹಾಗೇ ಉಳಿಯುತ್ತದೆ, ಬಲಗಣ್ಣಿಗೆ ಇನ್ನು ಯಾವ ಗೆರೆಯೂ ನೇರವಾಗಿ ಕಾಣುವುದಿಲ್ಲ. ಸರಿ ಅಂದೆ.

ಇಂದು ಮಧ್ಯಾಹ್ನ ಅವಳು ಯಂತ್ರದ ಮುಂದೆ ಕೂತು ಯಾರದೋ ಕುಪ್ಪಸ ಹೊಲಿಯುತ್ತಿದ್ದಳು. ಕಿಟಕಿಯ ಬೆಳಕು ಅವಳ ಅರ್ಧ ಮೈಮೇಲಿತ್ತು. ನಾನು ಎದುರಿನ ಸ್ಟೂಲಿನಲ್ಲಿ ಕೂತೆ. ಎಣಿಸಿ ಮೂರು ಸಲ ಉಸಿರೆಳೆದುಕೊಂಡು ಎಡಗಣ್ಣು ಮುಚ್ಚಿದೆ.

ಒಂದು ಹುಬ್ಬು ಇನ್ನೊಂದಕ್ಕಿಂತ ಕೆಳಗಿತ್ತು. ಮೂಗು ನಡುವಿನಲ್ಲಿ ಬಾಗಿ ಮತ್ತೆ ದಾರಿಗೆ ಬಂದಿತ್ತು. ತುಟಿ ಒಂದು ಕಡೆ ಜಾರಿತ್ತು, ನೀರಿನಲ್ಲಿ ಕಂಡ ಹಾಗೆ. ನಾನು ನೋಡುತ್ತಿರುವುದು ಅವಳಿಗೆ ಗೊತ್ತಾಯಿತು. ಯಂತ್ರ ನಿಲ್ಲಿಸದೆ, ತಲೆಯೆತ್ತದೆ, ಹೇಗಿದೀನಿ ಅಂತ ಕೇಳಿದಳು.

“ಮೂಗು ಸೊಟ್ಟ. ಹುಬ್ಬು ಮೇಲೆ ಕೆಳಗೆ. ಬಾಯಿ ಎಲ್ಲೋ ಹೋಗ್ತಾ ಇದೆ.”

“ಮತ್ತೆ?”

“ಆದ್ರೆ ಇದೀಯ. ಪೂರ್ತಿ ಇದೀಯ.”

ಅವಳು ಯಂತ್ರ ನಿಲ್ಲಿಸಿದಳು. ಕೈಯೆರಡನ್ನೂ ಮಡಿಲಲ್ಲಿಟ್ಟುಕೊಂಡು, ಮುಖವನ್ನು ನನ್ನ ಕಡೆಗೆ ತಿರುಗಿಸಿ, ಹಾಗಾದರೆ ಇನ್ನೂ ಸ್ವಲ್ಪ ಹೊತ್ತು ನೋಡು ಅಂದು ಕದಲದೆ ಕೂತಳು.

ನೋಡಿದೆ.